ಹಳೆಯ ಕ್ಯಾಮರಾ ಕೊಳ್ಳುವವರಿಗೆ ಭೌತಶಾಸ್ತ್ರದ ನಾಲ್ಕು ಮಾತು

ಸಂತೆಯಲ್ಲಿ ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನು ನೋಡುತ್ತಾನೆ. ಹಳೆಯ ಲೇಥನ್ನು ಕೊಳ್ಳುವವನು ಅದರ ಬೆಡ್ಡು ಎಲ್ಲಿ ಎಷ್ಟು ಸವೆದಿದೆಯೆಂದು ಬೆರಳಾಡಿಸಿ ನೋಡುತ್ತಾನೆ. ಹಳೆಯ ಕ್ಯಾಮರಾವನ್ನು ಕೊಳ್ಳುವವನು ಏನನ್ನು ನೋಡಬೇಕು? ಈ ಪ್ರಶ್ನೆಗೆ ಪೇಟೆಯಲ್ಲಿ ದೊರೆಯುವ ಉತ್ತರಗಳು ಎರಡೇ. ಹೊಸದನ್ನು ಮಾರುವವನು ‘ಹಳೆಯದೆಲ್ಲ ಕಸ’ ಎನ್ನುತ್ತಾನೆ. ಹಳೆಯದನ್ನು ಮಾರುವವನು ‘ಚಿತ್ರ ತೆಗೆಯುವುದು ಕ್ಯಾಮರಾ ಅಲ್ಲ, ಕಣ್ಣು’ ಎನ್ನುತ್ತಾನೆ. ಎರಡು ಮಾತಿನಲ್ಲಿಯೂ ಒಂದಿಷ್ಟು ಸತ್ಯವುಂಟು, ಒಂದಿಷ್ಟು ವ್ಯಾಪಾರವುಂಟು. ಇವನ್ನು ಬೇರ್ಪಡಿಸಬೇಕಾದರೆ ಬೆಳಕಿನ ಸ್ವಭಾವವನ್ನೇ ವಿಚಾರಿಸುವುದು ಲೇಸು. ಬೆಳಕಿಗೆ ಈ ವ್ಯಾಪಾರದಲ್ಲಿ ಪಾಲಿಲ್ಲ.

ಪ್ರಶ್ನೆ ನನಗೆ ಬಂದುದು ಉದ್ಯಮಬಾಗದಿಂದ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ಹಬ್ಬಿರುವ ಈ ಕೈಗಾರಿಕೆಯ ಬಡಾವಣೆಯನ್ನು ಫೌಂಡ್ರಿಗಳ ಹೊಗೆಯಿಂದಲೂ ಲೇಥುಗಳ ಸದ್ದಿನಿಂದಲೂ ದೂರದಿಂದಲೇ ಗುರುತಿಸಬಹುದು. ಅಲ್ಲಿ ಸಿ.ಎನ್.ಸಿ. ಯಂತ್ರವೊಂದನ್ನು ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಜೆಯ ದಿನಗಳಲ್ಲಿ ಎರವಲು ಕ್ಯಾಮರಾ ಹಿಡಿದು ಮದುವೆಯ ಚಿತ್ರಗಳನ್ನು ತೆಗೆಯುತ್ತಾನೆ. ಮೂರು ವರ್ಷದ ಉಳಿತಾಯ ಅವನ ಕೈಯಲ್ಲಿದೆ. ಅದರ ಮೇಲೆ ಕಂತಿನ ಸಾಲ ಮಾಡಿ ಹೊಸ ಕ್ಯಾಮರಾ ಕೊಳ್ಳಬೇಕೆ, ಇಲ್ಲವೆ ಉಳಿತಾಯದಷ್ಟರಲ್ಲಿಯೇ ಹಳೆಯದೊಂದನ್ನು ಕೊಳ್ಳಬೇಕೆ ಎಂಬುದು ಅವನ ಚಿಂತೆ. ‘ಸರ್, ಹತ್ತು ವರ್ಷ ಹಳೆಯದಾದರೂ ಫುಲ್ ಫ್ರೇಮ್ ಅಲ್ಲವೆ?’ ಎಂದು ಅವನು ಕೇಳಿದ್ದು ಸಾಮಾನ್ಯವಾದ ಮಾತಾದರೂ ಅದರ ಉತ್ತರ ಸಾಮಾನ್ಯವಲ್ಲ. ಅವನಂತೆ ಯೋಚಿಸುವವರು ಅನೇಕರು ಇರುವುದರಿಂದ ಅದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಕಳೆಯೋಣ. ‘ಫುಲ್ ಫ್ರೇಮ್’ ಎಂಬ ಮಾತಿನಲ್ಲಿ ವಿಶೇಷವಾದ ಪೂರ್ಣತೆಯೇನೂ ಇಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕನು ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಹಾಯಿಸಿ, ಸಿನಿಮಾದ ಎರಡು ಚೌಕಟ್ಟುಗಳಷ್ಟು ಜಾಗದಲ್ಲಿ ಒಂದು ಚಿತ್ರ ಬೀಳುವಂತೆ ಪುಟ್ಟ ಕ್ಯಾಮರಾವೊಂದನ್ನು ರಚಿಸಿದನು. ಅದು ಲೈಕಾ ಎಂಬ ಹೆಸರಿನಿಂದ 1925ರಲ್ಲಿ ಮಾರಾಟಕ್ಕೆ ಬಂದಿತು. ಚಿತ್ರದ ಅಳತೆ 36 ಮಿಲಿಮೀಟರು ಅಗಲ, 24 ಮಿಲಿಮೀಟರು ಎತ್ತರ. ಅಂದಿನ ದೊಡ್ಡ ಪ್ಲೇಟಿನ ಕ್ಯಾಮರಾ ಹಿಡಿದವರ ಕಣ್ಣಿಗೆ ಇದು ಅಂಚೆಚೀಟಿಯ ಗಾತ್ರದ ಆಟಿಕೆ. ಆದರೆ ಜಗತ್ತೆಲ್ಲ ಈ ಅಳತೆಗೆ ಒಗ್ಗಿತು. ಫಿಲ್ಮಿನ ಸ್ಥಾನದಲ್ಲಿ ಸಿಲಿಕಾನಿನ ಸಂವೇದಕ ಬಂದ ಮೇಲೆಯೂ ಅದೇ ಅಳತೆಯ ಸಂವೇದಕಕ್ಕೆ ‘ಫುಲ್ ಫ್ರೇಮ್’ ಎಂಬ ಹೆಸರು ನಿಂತಿತು.

ಇನ್ನು ‘ಮಿರರ್‌ಲೆಸ್’ ಎಂದರೆ ಕನ್ನಡಿಯಿಲ್ಲದ್ದು. ಫಿಲ್ಮಿನ ಕಾಲದ ಉತ್ತಮ ಕ್ಯಾಮರಾಗಳಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ಅದು ಬೆಳಕನ್ನು ಮೇಲಕ್ಕೆ ಹೊರಳಿಸಿ, ಪಟ್ಟಕದ ಮೂಲಕ ನಮ್ಮ ಕಣ್ಣಿಗೆ ಮುಟ್ಟಿಸಿ, ಗುಂಡಿ ಒತ್ತಿದ ಕ್ಷಣದಲ್ಲಿ ಪಕ್ಕಕ್ಕೆ ಸರಿಯುತ್ತಿತ್ತು. ಸಂವೇದಕವೇ ಸದಾ ಎಚ್ಚರವಾಗಿದ್ದು ತಾನು ಕಂಡುದನ್ನು ಪುಟ್ಟ ಪರದೆಯ ಮೇಲೆ ತೋರಿಸಬಲ್ಲುದಾದರೆ ಕನ್ನಡಿ ಏತಕ್ಕೆ? ಹೀಗೆ ಕನ್ನಡಿಯನ್ನು ಕಿತ್ತುಹಾಕಿ, ತಾನಾಗಿ ಫೋಕಸ್ ಮಾಡಿಕೊಳ್ಳುವ ಫುಲ್ ಫ್ರೇಮ್ ಕ್ಯಾಮರಾವನ್ನು ಸೋನಿ ಕಂಪನಿಯು 2013ರ ಅಕ್ಟೋಬರಿನಲ್ಲಿ ಹೊರತಂದಿತು, ಅದೇ ಎ7. ಮರುವರ್ಷ ಅದರ ಎರಡನೆಯ ಆವೃತ್ತಿ ಬಂದಿತು, 2018ರಲ್ಲಿ ಮೂರನೆಯದು. ಅದೇ 2018ರಲ್ಲಿ ನಿಕ್ಕಾನಿನ ಝಡ್6, ಝಡ್7 ಮತ್ತು ಕ್ಯಾನನ್ನಿನ ಇಓಎಸ್ ಆರ್ ಕಾಣಿಸಿಕೊಂಡವು. ಇಂದು ‘ಹಳೆಯ ಫುಲ್ ಫ್ರೇಮ್ ಮಿರರ್‌ಲೆಸ್’ ಎಂದು ಕೈಯಿಂದ ಕೈಗೆ ಮಾರಾಟವಾಗುವುವು ಬಹುಮಟ್ಟಿಗೆ ಇವೇ.

ಈಗ ಮುಖ್ಯ ವಿಷಯ. ಬೆಳಕು ನಳದ ನೀರಿನಂತೆ ಅಖಂಡ ಧಾರೆಯಾಗಿ ಬರುವುದಿಲ್ಲ. ಮಳೆಯಂತೆ ಹನಿಹನಿಯಾಗಿ ಬೀಳುತ್ತದೆ. ಆ ಹನಿಗೆ ಫೋಟಾನು ಎಂದು ಹೆಸರು. ಅಂಗಳದಲ್ಲಿ ಒಂದೇ ಅಳತೆಯ ನೂರು ಬೋಗುಣಿಗಳನ್ನು ಸಾಲಾಗಿ ಇಟ್ಟಿದ್ದೇವೆಂದು ಭಾವಿಸಿರಿ. ತುಂತುರು ಮಳೆ ಒಂದು ನಿಮಿಷ ಬಿದ್ದು ನಿಂತರೆ ಎಲ್ಲ ಬೋಗುಣಿಗಳಲ್ಲಿಯೂ ಸಮಸಂಖ್ಯೆಯ ಹನಿಗಳಿರುವುದಿಲ್ಲ. ಸರಾಸರಿ 100 ಹನಿ ಬಿದ್ದಿದ್ದರೆ ಒಂದರಲ್ಲಿ 92, ಇನ್ನೊಂದರಲ್ಲಿ 109, ಮತ್ತೊಂದರಲ್ಲಿ 101 ಹೀಗೆ ಇರುತ್ತವೆ. ಈ ಏರುಪೇರು ಸರಾಸರಿಯ ವರ್ಗಮೂಲದಷ್ಟು ಎಂಬುದು ಸಂಭಾವ್ಯತಾ ಗಣಿತದ ನಿಯಮ: 100ಕ್ಕೆ 10, 10,000ಕ್ಕೆ 100. ಆದುದರಿಂದ ಹನಿ ಕಡಿಮೆಯಾದಷ್ಟೂ ಏರುಪೇರಿನ ಪ್ರಮಾಣ ಹೆಚ್ಚು. 100ರಲ್ಲಿ ಅದು ನೂರಕ್ಕೆ ಹತ್ತು, 10,000ದಲ್ಲಿ ನೂರಕ್ಕೆ ಒಂದೇ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಒರಟು ಬಹುಪಾಲು ಇದೇ. ಇದು ಕ್ಯಾಮರಾದ ದೋಷವಲ್ಲ, ಬೆಳಕಿನ ಗುಣ. ಹೊಸ ಕ್ಯಾಮರಾ ಕೊಂಡವನಿಗೂ ಇದು ತಪ್ಪಿದ್ದಲ್ಲ.

ಲೆಕ್ಕ ಹಾಕಿಯೇ ನೋಡೋಣ. ಮಂಗಲ ಕಾರ್ಯಾಲಯವೊಂದರಲ್ಲಿ ದೀಪಗಳಿಂದ ದೂರವಾದ ಮೂಲೆಯಲ್ಲಿ 20 ಲಕ್ಸ್ ಬೆಳಕಿದೆ ಎಂದಿಟ್ಟುಕೊಳ್ಳಿರಿ. ಎಫ್ 1.8ರ ಲೆನ್ಸನ್ನು ಪೂರ್ತಿ ತೆರೆದು, ಓಡಾಡುವ ಜನರು ಕಲಸಿಹೋಗದಂತೆ ಷಟರಿಗೆ ಸೆಕೆಂಡಿನ 125ನೆಯ ಒಂದು ಭಾಗವನ್ನು ಕೊಟ್ಟರೆ ಐ.ಎಸ್.ಒ. ಅಂಕವನ್ನು ಸುಮಾರು 5000ಕ್ಕೆ ಏರಿಸಬೇಕಾಗುತ್ತದೆ. 24 ಮೆಗಾಪಿಕ್ಸೆಲಿನ ಫುಲ್ ಫ್ರೇಮ್ ಸಂವೇದಕದಲ್ಲಿ 36 ಮಿಲಿಮೀಟರಿನ ಅಗಲಕ್ಕೆ 6000 ಬಿಂದುಗಳು. ಎಂದರೆ ಒಂದು ಬಿಂದುವಿನ ಅಗಲ 6 ಮೈಕ್ರಾನು. ಮೇಲಿನ ಸನ್ನಿವೇಶದಲ್ಲಿ ನಡುಬಣ್ಣದ ಒಂದು ಬಿಂದುವಿಗೆ, ಬಣ್ಣದ ಸೋಸುಗಾಜನ್ನು ದಾಟಿ, ಹೆಚ್ಚುಕಡಿಮೆ 300 ಫೋಟಾನುಗಳು ತಲಪುತ್ತವೆ. ಸಂವೇದಕ ಅವುಗಳಲ್ಲಿ ಅರ್ಧವನ್ನು ಹಿಡಿಯಿತೆನ್ನಿರಿ: 150. ಅದರ ವರ್ಗಮೂಲ 12. ಆದ್ದರಿಂದ ಚಿತ್ರಕ್ಕೂ ಒರಟಿಗೂ ಇರುವ ಅನುಪಾತ 12ಕ್ಕೆ 1. ಮುಂದೆಂದಾದರೊಂದು ದಿನ ಒಂದು ಫೋಟಾನನ್ನೂ ಬಿಡದೆ ಹಿಡಿಯುವ ಪರಿಪೂರ್ಣ ಸಂವೇದಕ ಬಂದರೂ ಅದಕ್ಕೆ ದೊರೆಯುವುವು ಆ 300 ಮಾತ್ರ. ಅನುಪಾತ 17ಕ್ಕೆ 1. ಅಲ್ಲಿಗೆ ಮುಗಿಯಿತು. ಬಾರದ ಬೆಳಕನ್ನು ಯಾವ ಕಂಪನಿಯೂ ಹಿಡಿಯಲಾರದು.

ಫಿಲ್ಮು ನೂರು ಫೋಟಾನುಗಳಲ್ಲಿ ಒಂದೆರಡನ್ನು ಮಾತ್ರ ಉಪಯೋಗಿಸಿಕೊಳ್ಳುತ್ತಿತ್ತು. ಅಲ್ಲಿಂದ ಐವತ್ತಕ್ಕೆ ಏರಿದುದು ದೊಡ್ಡ ನೆಗೆತ; ಐವತ್ತರಿಂದ ನೂರಕ್ಕೆ ಉಳಿದಿರುವುದು ಚಿಕ್ಕ ಹೆಜ್ಜೆ. ಹತ್ತು ವರ್ಷದ ಹಿಂದಿನ ಸಂವೇದಕವು ಆ ದೊಡ್ಡ ನೆಗೆತವನ್ನು ನೆಗೆದು ಆಗಿತ್ತು. ಆಮೇಲೆ ಬಂದ ಸುಧಾರಣೆಗಳು ಇಲ್ಲವೆಂದಲ್ಲ. ತಂತಿಗಳನ್ನು ಬಿಂದುವಿನ ಬೆನ್ನಿಗೆ ಸರಿಸಿ, ಬೆಳಕು ಬೀಳುವ ಮುಖವನ್ನು ನಿರ್ಬಾಧವಾಗಿಸಿದ ಸಂವೇದಕವು ಫುಲ್ ಫ್ರೇಮಿನಲ್ಲಿ 2015ರಲ್ಲಿ ಬಂದಿತು. ಆದರೆ ಈ ಉಪಾಯದ ಲಾಭ ಹೆಚ್ಚಾಗಿ ಮೊಬೈಲಿನ ಚಿಕ್ಕ ಬಿಂದುಗಳಿಗೆ. ಆರು ಮೈಕ್ರಾನಿನ ವಿಶಾಲವಾದ ಅಂಗಳದಲ್ಲಿ ತಂತಿಗಳು ಆಕ್ರಮಿಸುತ್ತಿದ್ದ ಜಾಗವೇ ಅಲ್ಪ. ಬಿಂದುವಿನ ವಿದ್ಯುದಂಶವನ್ನು ಓದುವಾಗ ಸೇರಿಕೊಳ್ಳುವ ಗದ್ದಲವೂ ತಗ್ಗಿದೆ. ಕತ್ತಲೆಯ ಭಾಗಗಳನ್ನು ಬಹಳವಾಗಿ ಬೆಳಗಿಸಿ ನೋಡುವವರಿಗೆ ಅದು ಗೊತ್ತಾಗುತ್ತದೆ. ಒಟ್ಟಿನಲ್ಲಿ, ನಿಂತ ವಸ್ತುವಿನ ಚಿತ್ರದ ಗುಣದಲ್ಲಿ 2013ರ ಎ7ಕ್ಕೂ ಇಂದಿನ 24 ಮೆಗಾಪಿಕ್ಸೆಲಿನ ಕ್ಯಾಮರಾಕ್ಕೂ ಇರುವ ಅಂತರವು ಅವುಗಳ ಬೆಲೆಯ ಅಂತರಕ್ಕೆ ಯಾವ ರೀತಿಯಲ್ಲಿಯೂ ಸಮನಲ್ಲ. ಚಿತ್ರದ ಒರಟನ್ನು ಕಂಪ್ಯೂಟರಿನಲ್ಲಿ ನಯಗೊಳಿಸುವ ಈಚಿನ ತಂತ್ರಾಂಶಗಳಂತೂ ಹಳೆಯ ಕ್ಯಾಮರಾದ ಚಿತ್ರಕ್ಕೂ ಹೊಸದಕ್ಕೂ ಭೇದವೆಣಿಸುವುದಿಲ್ಲ.

ಬಿಂದುಗಳ ಸಂಖ್ಯೆಯ ಮಾತು ಬೇಗ ಮುಗಿಯುತ್ತದೆ. ನಮ್ಮಲ್ಲಿ ಮದುವೆಯ ಆಲ್ಬಮ್ಮಿನ ಹಾಳೆ ಬಿಡಿಸಿಟ್ಟರೆ ಸಾಮಾನ್ಯವಾಗಿ 12 ಅಂಗುಲ ಎತ್ತರ, 36 ಅಂಗುಲ ಅಗಲ; ಒಂದು ಮಗ್ಗುಲು 18 ಅಂಗುಲ. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚಿಸಿದರೆ 6000 ಬಿಂದುಗಳು 20 ಅಂಗುಲಕ್ಕೆ ಸಾಕಾಗುತ್ತವೆ. ಅದಕ್ಕಿಂತ ಹೆಚ್ಚಿನದು ದೂರದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡುವವರಿಗೆ ಬೇಕಾದೀತು.

ಸಂವೇದಕದ ವಿಸ್ತಾರದ ವಿಷಯದಲ್ಲಿ ಮಾತ್ರ ಒಂದು ಭ್ರಮೆಯನ್ನು ಬಿಡಿಸಬೇಕು. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿಲಿಮೀಟರು. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಎಂಬ ಅಳತೆಯದು ಸುಮಾರು 367. ಅಂಗಳ ದೊಡ್ಡದಾದರೆ ಮಳೆ ಹೆಚ್ಚು ಸೇರುವುದು ಸಹಜ, 2.35ರಷ್ಟು ಬೆಳಕು, ಅದರ ವರ್ಗಮೂಲ 1.5ರಷ್ಟು ನಯ. ಇದು ಎರಡಕ್ಕೂ ಎಫ್ ಅಂಕವೂ ಷಟರಿನ ವೇಗವೂ ಒಂದೇ ಆಗಿದ್ದರೆ ಮಾತ್ರ ನಿಜ. ವಾಸ್ತವವಾಗಿ ಬೆಳಕನ್ನು ಒಳಕ್ಕೆ ಬಿಡುವುದು ಲೆನ್ಸಿನ ಬಾಯಿ. 50 ಮಿಲಿಮೀಟರಿನ ಎಫ್ 1.8 ಲೆನ್ಸಿನ ಬಾಯಿ 28 ಮಿಲಿಮೀಟರು. ಚಿಕ್ಕ ಸಂವೇದಕದ ಕ್ಯಾಮರಾಕ್ಕೆ 33 ಮಿಲಿಮೀಟರಿನ ಎಫ್ 1.2 ಲೆನ್ಸನ್ನು ಹಾಕಿದರೆ ಅದರ ಬಾಯಿಯೂ ಅಷ್ಟೇ, ಕಾಣುವ ದೃಶ್ಯವೂ ಅಷ್ಟೇ, ಒಟ್ಟು ಬೆಳಕೂ ಅಷ್ಟೇ. ಹೀಗಿರುವಲ್ಲಿ, ಕ್ಯಾಮರಾದ ಜೊತೆಗೆ ಅಗ್ಗವಾಗಿ ಬರುವ ಮಂದ ಲೆನ್ಸನ್ನು ಫುಲ್ ಫ್ರೇಮಿಗೆ ಸಿಕ್ಕಿಸಿ ‘ನನ್ನದು ಫುಲ್ ಫ್ರೇಮ್’ ಎಂದು ಬೀಗುವವನು ದೊಡ್ಡ ಹಂಡೆಗೆ ಸಣ್ಣ ನಳ ಕೂರಿಸಿದವನಂತೆ. ಹಣ ಪರಿಮಿತವಾಗಿದ್ದರೆ ಮೊದಲು ಲೆನ್ಸಿಗೆ, ಆಮೇಲೆ ಕ್ಯಾಮರಾಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳ್ಳೆಯ ಲೆನ್ಸು ಮೂರು ಕ್ಯಾಮರಾಗಳ ಆಯುಷ್ಯವನ್ನು ಕಾಣುತ್ತದೆ.

ಬೆಳಗಾವಿಯವರಿಗೆ ಇದರಲ್ಲಿ ಆಶ್ಚರ್ಯಪಡುವಂಥದು ಇರಲಾರದು. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಈ ಊರಿಗೆ ಬಂದಿದ್ದಾಗ ಇಲ್ಲಿಯ ಎಸ್. ಮಹಾದೇವ ಅಂಡ್ ಸನ್ ಎಂಬ ಸ್ಟುಡಿಯೋದವರು ಅವರ ಭಾವಚಿತ್ರವನ್ನು ತೆಗೆದರು. ಆ ಚಿತ್ರ ಇಂದಿಗೂ ಅಚ್ಚಾಗುತ್ತಿದೆ. ಅದನ್ನು ತೆಗೆದ ಯಂತ್ರವು ಹಳೆಯದಾಯಿತೆಂದು ಚಿತ್ರವೇನೂ ಮಾಸಲಿಲ್ಲ. ಆದರೆ ಅಲ್ಲಿ ಕುಳಿತವರು ನಿಶ್ಚಲವಾಗಿ ಕುಳಿತಿದ್ದರೆಂಬುದನ್ನು ಮರೆಯಬಾರದು. ಹಳೆಯ ಕ್ಯಾಮರಾದ ಸೋಲು ಚಲನೆಯಲ್ಲಿಯೇ ಇದೆ.

ಚಲಿಸುವ ವಸ್ತುವಿನ ಮೇಲೆ ಫೋಕಸನ್ನು ನಿಲ್ಲಿಸುವ ಕೆಲಸ ಹೇಗೆ ನಡೆಯುತ್ತದೆ? ಸಂವೇದಕದ ಕೆಲವು ಬಿಂದುಗಳಿಗೆ ಅರ್ಧ ಮುಸುಕು ಹಾಕಿರುತ್ತಾರೆ. ಕೆಲವಕ್ಕೆ ಎಡಗಡೆ, ಕೆಲವಕ್ಕೆ ಬಲಗಡೆ. ಒಂದು ಗುಂಪು ಲೆನ್ಸಿನ ಎಡ ಅಂಚಿನಿಂದ ಬಂದ ಬೆಳಕನ್ನು ನೋಡಿದರೆ ಇನ್ನೊಂದು ಬಲ ಅಂಚಿನದನ್ನು ನೋಡುತ್ತದೆ. ಫೋಕಸ್ ಸರಿಯಿದ್ದರೆ ಎರಡು ಗುಂಪುಗಳ ಚಿತ್ರಗಳೂ ಒಂದರ ಮೇಲೊಂದು ಕೂಡುತ್ತವೆ. ತಪ್ಪಿದ್ದರೆ ಪಕ್ಕಕ್ಕೆ ಸರಿದಿರುತ್ತವೆ. ಎಷ್ಟು ಸರಿದಿವೆ, ಯಾವ ಕಡೆಗೆ ಸರಿದಿವೆ ಎಂಬುದರಿಂದ ಲೆನ್ಸನ್ನು ಎತ್ತ ಎಷ್ಟು ದೂಡಬೇಕೆಂಬುದು ಒಡನೆಯೇ ತಿಳಿಯುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವುದೂ ಇದೇ ಬಗೆಯಲ್ಲಿ. ಮೊದಲ ಎ7ರಲ್ಲಿ ಇಂಥ ಅಳತೆಯ ತಾಣಗಳು 117. ಅವೂ ಚಿತ್ರದ ನಡುಭಾಗದಲ್ಲಿ. ಮೂರನೆಯ ಆವೃತ್ತಿಯಲ್ಲಿ 693. ಅವು ಚೌಕಟ್ಟಿನ ನೂರಕ್ಕೆ 93 ಪಾಲನ್ನು ಆವರಿಸುತ್ತವೆ. ಅದರ ಮೇಲೆ, ಮುಖದಲ್ಲಿರುವ ಕಣ್ಣನ್ನು ಗುರುತಿಸಿ ಅದು ಹೋದಲ್ಲಿಗೆ ಹಿಂಬಾಲಿಸುವ ಗಣನಶಕ್ತಿ 2018ರ ಪೀಳಿಗೆಗೆ ಬಂದಿತು. ನಡೆದು ಬರುತ್ತಿರುವ ಮದುಮಗಳ ಹತ್ತು ಚಿತ್ರಗಳಲ್ಲಿ ಎಷ್ಟು ಸ್ಫುಟವಾಗಿ ಬಂದಾವು ಎಂಬ ಪ್ರಶ್ನೆಯಲ್ಲಿ ಹಳೆಯದು, ಹೊಸದು ಎಂಬ ಮಾತಿಗೆ ನಿಜವಾದ ಅರ್ಥ ಬರುತ್ತದೆ.

ಕೈಯ ನಡುಕವನ್ನು ಸರಿದೂಗಿಸುವಂತೆ ಸಂವೇದಕವನ್ನೇ ತೇಲುತೊಟ್ಟಿಲಲ್ಲಿ ಕೂರಿಸುವ ಏರ್ಪಾಡು ಎ7ರ ಎರಡನೆಯ ಆವೃತ್ತಿಯಿಂದ ಮುಂದಕ್ಕೆ ಉಂಟು, ಮೊದಲನೆಯದರಲ್ಲಿ ಇಲ್ಲ. ಬೆಳಗಾವಿಯ ಕೋಟೆಯೊಳಗೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಬೀಚಿರಾಜನು ಕಟ್ಟಿಸಿದ ಕಮಲ ಬಸದಿಯನ್ನು ನೋಡಿದವರು ಅದರ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಮರೆಯಲಾರರು. ಅಂಥ ಒಳಾಂಗಣದಲ್ಲಿ 20 ಲಕ್ಸ್ ಬೆಳಕಿದ್ದು, ಎಫ್ 2.8 ಮತ್ತು ಐ.ಎಸ್.ಒ. 1600 ಇಟ್ಟರೆ ಷಟರಿಗೆ ಸೆಕೆಂಡಿನ 16ನೆಯ ಒಂದು ಭಾಗ ಬೇಕು. ಅಷ್ಟು ಹೊತ್ತು ಬರಿಗೈ ಅಲುಗದಿರುವುದು ಕಷ್ಟ; ತೇಲುವ ಸಂವೇದಕಕ್ಕೆ ಅದು ಸುಲಭ. ಆದರೆ ಕಂಬದ ಬಳಿ ಆಡುವ ಮಗುವನ್ನು ಈ ಏರ್ಪಾಡು ನಿಲ್ಲಿಸಲಾರದು. ಅದು ತಡೆಯುವುದು ನಮ್ಮ ಕೈಯನ್ನು, ಎದುರಿನವರನ್ನಲ್ಲ.

ಇನ್ನೊಂದು ತೊಡಕನ್ನು ಉದ್ಯಮಬಾಗದಲ್ಲಿಯೇ ಚೆನ್ನಾಗಿ ಕಾಣಬಹುದು. ಸದ್ದಿಲ್ಲದ ವಿದ್ಯುನ್ಮಾನ ಷಟರನ್ನು ಬಳಸಿದಾಗ ಸಂವೇದಕವು ಇಡೀ ಚಿತ್ರವನ್ನು ಏಕಕಾಲದಲ್ಲಿ ಓದುವುದಿಲ್ಲ. ನಾವು ಪುಟವನ್ನು ಓದುವಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತದೆ. 2018ರ ಪೀಳಿಗೆಯಲ್ಲಿ ಈ ಓದಿಗೆ ಸೆಕೆಂಡಿನ ಹದಿನೈದನೆಯ ಒಂದರಿಂದ ಇಪ್ಪತ್ತನೆಯ ಒಂದು ಭಾಗದವರೆಗೆ ಹಿಡಿಯುತ್ತದೆ. ನಿಮಿಷಕ್ಕೆ 600 ಸುತ್ತು ತಿರುಗುವ ಲೇಥಿನ ಚಕ್ಕು ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ಸೆಕೆಂಡಿನ 16ನೆಯ ಭಾಗದಲ್ಲಿ ಅರ್ಧ ಸುತ್ತಿಗೂ ಮಿಕ್ಕಿ, 225 ಡಿಗ್ರಿ. ಮೇಲಿನ ಸಾಲು ಓದಿದಾಗ ಒಂದು ಕಡೆ ಇದ್ದ ದವಡೆ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಬೇರೆಡೆಗೆ ಹೋಗಿರುತ್ತದೆ. ಚಿತ್ರದಲ್ಲಿ ಚಕ್ಕಿನ ದವಡೆಗಳು ಬಾಳೆಹಣ್ಣಿನಂತೆ ಬಾಗಿ ಕಾಣುತ್ತವೆ. ಯಾಂತ್ರಿಕ ಷಟರಿನ ಪರದೆಯು ಸಂವೇದಕವನ್ನು ಸುಮಾರು 250ನೆಯ ಒಂದು ಸೆಕೆಂಡಿನಲ್ಲಿ ದಾಟುವುದರಿಂದ ಆ ಬಾಗು 14 ಡಿಗ್ರಿಗೆ ಇಳಿಯುತ್ತದೆ. ದೀಪಗಳದೂ ಇದೇ ಕಥೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅಗ್ಗದ ಎಲ್‌ಇಡಿ ದೀಪಗಳು ಅದರ ಇಮ್ಮಡಿ, 100 ಸಲ ಮಿನುಗುತ್ತವೆ. ನಿಧಾನವಾದ ಓದಿನಲ್ಲಿ ಅದು ಚಿತ್ರದ ಉದ್ದಕ್ಕೂ ಆರು ಕಪ್ಪು ಪಟ್ಟೆಗಳಾಗಿ ಬೀಳುತ್ತದೆ. ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗವನ್ನು ಷಟರಿಗೆ ಕೊಟ್ಟರೆ ಪ್ರತಿ ಸಾಲೂ ಪೂರ್ಣ ಮಿನುಗುಗಳನ್ನು ಕಂಡು ಪಟ್ಟೆಗಳು ಮಾಯವಾಗುತ್ತವೆ. 2023ರ ನವೆಂಬರಿನಲ್ಲಿ ಪ್ರಕಟವಾದ ಸೋನಿ ಎ9ರ ಮೂರನೆಯ ಆವೃತ್ತಿ ಎಲ್ಲ ಸಾಲುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಅದರ ಬೆಲೆ ನಮ್ಮ ಚರ್ಚೆಗೆ ಹೊರಗಿನದು. ಹಳೆಯದನ್ನು ಕೊಂಡವನು ಯಾಂತ್ರಿಕ ಷಟರನ್ನೇ ಬಳಸಿದರೆ ಸಾಕು. ‘ಟಕ್’ ಎಂಬ ಸದ್ದಿಗೆ ವಾಲಗದ ನಡುವೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ನನ್ನ ವಿದ್ಯಾರ್ಥಿಯ ಪ್ರಶ್ನೆಯನ್ನು ತೀರ್ಮಾನಿಸಿದ್ದು ಮಾತ್ರ ಇವಾವುವೂ ಅಲ್ಲ, ತೀರ ಸಾಮಾನ್ಯವಾದ ಒಂದು ವಿಷಯ. ಚಿತ್ರಗಳನ್ನು ಬರೆದುಕೊಳ್ಳುವ ಮೆಮೊರಿ ಕಾರ್ಡು ಎಂದಾದರೊಮ್ಮೆ ಕೆಟ್ಟೇ ಕೆಡುತ್ತದೆ. ಬೆಟ್ಟದ ಚಿತ್ರ ಹೋದರೆ ಇನ್ನೊಮ್ಮೆ ಬೆಟ್ಟಕ್ಕೆ ಹೋಗಬಹುದು. ತಾಳಿ ಕಟ್ಟುವ ಗಳಿಗೆ, ಅಕ್ಷತೆ ಬೀಳುವ ಗಳಿಗೆ ಮತ್ತೊಮ್ಮೆ ಬಾರದು. ಹಣ ಪಡೆದು ಚಿತ್ರ ಕೊಡದವನಿಗೆ ಆ ಊರಿನಲ್ಲಿ ಎರಡನೆಯ ಮದುವೆಯ ಕರೆಯೂ ಬಾರದು. ಆದ್ದರಿಂದ ಏಕಕಾಲಕ್ಕೆ ಎರಡು ಕಾರ್ಡುಗಳಿಗೆ ಬರೆಯುವ ಕ್ಯಾಮರಾ ಈ ವೃತ್ತಿಗೆ ಅತ್ಯಗತ್ಯ. ಎ7ರ ಮೊದಲೆರಡು ಆವೃತ್ತಿಗಳಲ್ಲಿ ಕಾರ್ಡಿನ ಗೂಡು ಒಂದೇ. ಇಓಎಸ್ ಆರ್ ಮತ್ತು ಝಡ್6ರಲ್ಲಿಯೂ ಒಂದೇ. ಎ7ರ ಮೂರನೆಯ ಆವೃತ್ತಿಯಲ್ಲಿ ಎರಡು ಉಂಟು. ನಿಕ್ಕಾನಿನಲ್ಲಿ 2020ರ ಝಡ್6 ಎರಡನೆಯ ಆವೃತ್ತಿಗೆ, ಕ್ಯಾನನ್ನಿನಲ್ಲಿ ಅದೇ ವರ್ಷದ ಆರ್6ಕ್ಕೆ ಬಂದರೆ ಎರಡು ದೊರೆಯುತ್ತವೆ. ಬ್ಯಾಟರಿಯ ಲೆಕ್ಕವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಎ7ರ ಹಳೆಯ ಬ್ಯಾಟರಿಯ ಧಾರಣೆ 1020 ಮಿಲಿಆಂಪಿಯರ್-ಗಂಟೆ, ಮೂರನೆಯ ಆವೃತ್ತಿಯದು 2280. ಹಳೆಯದನ್ನು ಹಿಡಿದು ಮದುವೆಗೆ ಹೊರಟವನು ಜೇಬಿನ ತುಂಬ ಬ್ಯಾಟರಿಗಳನ್ನು ಹೊತ್ತಿರಬೇಕು.

ಹೀಗಾಗಿ, ಮದುವೆಯ ವೃತ್ತಿಗಾದರೆ ಎ7ರ ಮೂರನೆಯ ಆವೃತ್ತಿಗಿಂತ ಹಿಂದಕ್ಕೆ ಹೋಗಬೇಡವೆಂದೂ, ಸಾಲ ಮಾಡಿ ಅದಕ್ಕಿಂತ ಮುಂದಕ್ಕೂ ಹೋಗಬೇಡವೆಂದೂ, ಉಳಿದ ಹಣವನ್ನೆಲ್ಲ ಒಂದೇ ಒಳ್ಳೆಯ ಲೆನ್ಸಿಗೆ ಹಾಕೆಂದೂ ಅವನಿಗೆ ಹೇಳಿದೆನು. ದೇವಾಲಯ, ಬೆಟ್ಟ, ಭಾವಚಿತ್ರ, ಕಾರ್ಖಾನೆಯ ಎರಕಗಳ ಕ್ಯಾಟಲಾಗು ಇಂಥ ನಿಂತ ವಿಷಯಗಳಿಗಾದರೆ 2013ರ ಎ7 ಇಂದಿಗೂ ಸಾಕು. ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಸಾಕು ಎನ್ನುವುದಕ್ಕಿಂತಲೂ ಹೆಚ್ಚು. ಚಲನಚಿತ್ರ ಬೇಕೆನ್ನುವವರು ಮಾತ್ರ ಅದರ ಕಡೆಗೆ ನೋಡಬಾರದು. ಅದು ನಾಲ್ಕು ಸಾವಿರ ಬಿಂದುಗಳ ಅಗಲದ ಚಲನಚಿತ್ರವನ್ನು ಬರೆಯುವುದಿಲ್ಲ.

ಕನ್ನಡಿ ಹೋದುದರಿಂದ ಆದ ಒಂದು ಲಾಭವನ್ನು ನಮ್ಮ ಲೇಥಿನವರು ವಿಶೇಷವಾಗಿ ಮೆಚ್ಚುವರೆಂದು ನನ್ನ ಊಹೆ. ಕನ್ನಡಿ ಆಡಲು ಜಾಗ ಬೇಕಾಗಿದ್ದುದರಿಂದ ಹಳೆಯ ಕ್ಯಾಮರಾಗಳಲ್ಲಿ ಲೆನ್ಸು ಕೂರುವ ಬಳೆಗೂ ಫಿಲ್ಮಿಗೂ ಬಹಳ ಅಂತರವಿತ್ತು: ನಿಕ್ಕಾನ್ ಎಫ್‌ನಲ್ಲಿ 46.5 ಮಿಲಿಮೀಟರು, ತಿರುಪಿನ ಎಂ42 ಜಾತಿಯಲ್ಲಿ 45.46. ಸೋನಿಯ ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಅದು 18 ಮಾತ್ರ. ಆದುದರಿಂದ ನಡುವೆ 28.5 ಮಿಲಿಮೀಟರು ಉದ್ದದ ಟೊಳ್ಳು ಬಳೆಯೊಂದನ್ನು ಇಟ್ಟರೆ ಅಜ್ಜನ ಕಾಲದ ನಿಕ್ಕಾನ್ ಲೆನ್ಸು ಹೊಸ ಕ್ಯಾಮರಾದಲ್ಲಿ ಸರಿಯಾಗಿ ಕೂರುತ್ತದೆ. ಫೋಕಸನ್ನೂ ಬಾಯಿಯನ್ನೂ ಕೈಯಿಂದಲೇ ತಿರುಗಿಸಬೇಕು. ಚಿತ್ರವನ್ನು ಹಿಗ್ಗಿಸಿ ತೋರಿಸುವ ಪರದೆ ಇರುವುದರಿಂದ ಅದು ಕಷ್ಟವಲ್ಲ. ಈ ಬಳೆಯನ್ನು ಅಲ್ಯೂಮಿನಿಯಮಿನಲ್ಲಿ ಕಡೆಯಲು ಉದ್ಯಮಬಾಗದಲ್ಲಿ ಎಷ್ಟೋ ಲೇಥುಗಳಿವೆ. ಆದರೆ ಅಳತೆ ಎಷ್ಟು ನಿಖರವಾಗಿರಬೇಕು? ಬಳೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಉದ್ದವಾದರೆ 50 ಮಿಲಿಮೀಟರಿನ ಲೆನ್ಸು ಅನಂತ ದೂರಕ್ಕೆ ಫೋಕಸಾಗುವುದಿಲ್ಲ. ನಾಭಿದೂರದ ವರ್ಗವನ್ನು ತಪ್ಪಿನಿಂದ ಭಾಗಿಸಿರಿ: 2500ನ್ನು 0.1ರಿಂದ ಭಾಗಿಸಿದರೆ 25,000 ಮಿಲಿಮೀಟರು. ಎಂದರೆ 25 ಮೀಟರಿನಿಂದಾಚೆಗೆ ಎಲ್ಲವೂ ಮಸುಕು. 24 ಮಿಲಿಮೀಟರಿನ ಅಗಲನೋಟದ ಲೆನ್ಸಿಗೆ ಅದೇ ತಪ್ಪು 6 ಮೀಟರಿಗೂ ಒಳಗೆ ಬೇಲಿ ಹಾಕುತ್ತದೆ. ಬಳೆ ಗಿಡ್ಡವಾದರೆ ಅಷ್ಟು ಕೇಡಿಲ್ಲ. ಲೆನ್ಸಿನ ಮೇಲಿನ ದೂರದ ಅಂಕಗಳು ಸುಳ್ಳಾಗುತ್ತವೆ, ಅನಂತ ಮಾತ್ರ ಕೈಗೆ ಸಿಗುತ್ತದೆ. ಆದಕಾರಣ ಅಂದಾಜಿಗೆ 0.03 ಮಿಲಿಮೀಟರು ಗಿಡ್ಡವಾಗಿಯೇ ಕಡೆಯುವುದು ಜಾಣತನ. ಎರಡು ಮುಖಗಳೂ ಸಮಾನಾಂತರವಾಗಿರಬೇಕು. 46 ಮಿಲಿಮೀಟರಿನ ಬಳೆ ಒಂದು ಮಗ್ಗುಲಿಗೆ 0.1 ದಪ್ಪವಾದರೆ ಎಫ್ 2ರಲ್ಲಿ ಚಿತ್ರದ ಅಂಚು ಮೂರು ಬಿಂದುಗಳಷ್ಟು ಮಸುಕಾಗುತ್ತದೆ. ಒಳಮೈಯನ್ನು ನಯಗೊಳಿಸಬಾರದು, ಸಣ್ಣ ತಿರುಪುಗೀರು ಹಾಕಿ ಮಂಕು ಕಪ್ಪು ಬಳಿಯಬೇಕು, ಇಲ್ಲವಾದರೆ ಅದು ಬೆಳಕನ್ನು ಪ್ರತಿಫಲಿಸಿ ಚಿತ್ರವನ್ನು ಪೇಲವಗೊಳಿಸುತ್ತದೆ.

ಕೊಳ್ಳುವ ಮುನ್ನ ಮಾಡತಕ್ಕ ಪರೀಕ್ಷೆಗಳಿಗೆ ಅರ್ಧ ಗಂಟೆ ಸಾಕು. ಲೆನ್ಸಿನ ಬಾಯನ್ನು ಎಫ್ 16ಕ್ಕೆ ಕಿರಿದುಮಾಡಿ ಬಿಳಿಯ ಗೋಡೆಯ ಚಿತ್ರ ತೆಗೆದರೆ ಸಂವೇದಕದ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಒರೆಸಿ ಹೋಗುವ ಧೂಳಿಗೆ ಅಂಜಬೇಕಾಗಿಲ್ಲ, ಗೀರಿಗೆ ಅಂಜಬೇಕು. ಲೆನ್ಸಿಗೆ ಮುಚ್ಚಳ ಹಾಕಿ 30 ಸೆಕೆಂಡಿನ ಚಿತ್ರವೊಂದನ್ನು ತೆಗೆದರೆ ಹಾಳಾದ ಬಿಂದುಗಳು ಕತ್ತಲೆಯಲ್ಲಿ ಕೆಂಪು, ನೀಲಿ ನಕ್ಷತ್ರಗಳಂತೆ ಹೊಳೆಯುತ್ತವೆ. ಆಕಾಶದಿಂದ ಎಡೆಬಿಡದೆ ಬೀಳುವ ವಿಶ್ವಕಿರಣಗಳ ಪೆಟ್ಟಿನಿಂದ ವರ್ಷ ಹೋದಂತೆ ಇವು ಹೆಚ್ಚುವುದು ಸಹಜ, ಕೆಲವಿದ್ದರೆ ಚಿಂತೆಯಿಲ್ಲ. ಷಟರು ಎಷ್ಟು ಸಲ ಆಡಿದೆಯೆಂಬ ಎಣಿಕೆಯನ್ನು ಕೇಳಿ ತಿಳಿಯಿರಿ. ಎ7ರ ಮೂರನೆಯ ಆವೃತ್ತಿಗೆ ತಯಾರಕರು ಹೇಳುವ ಮಿತಿ ಎರಡು ಲಕ್ಷ. ಮದುವೆಯವನ ಕ್ಯಾಮರಾ ನಾಲ್ಕು ವರ್ಷದಲ್ಲಿ ಅಲ್ಲಿಗೆ ಮುಟ್ಟಿರಬಹುದು, ಹವ್ಯಾಸಿಯದು ಹತ್ತು ವರ್ಷದಲ್ಲಿಯೂ ಅದರ ಹತ್ತಿರ ಸುಳಿದಿರಲಾರದು. ಆದ್ದರಿಂದಲೇ ವಯಸ್ಸನ್ನು ಕೇಳುವುದಕ್ಕಿಂತ ದುಡಿಮೆಯನ್ನು ಕೇಳುವುದು ಮೇಲು. ಉಬ್ಬಿದ ಬ್ಯಾಟರಿಯನ್ನು ಉಚಿತವಾಗಿ ಕೊಟ್ಟರೂ ಮುಟ್ಟಬೇಡಿರಿ. ಮೂಲ ಬಿಲ್ಲಿನ ಮೇಲಿನ ಸಂಖ್ಯೆಯೂ ಕ್ಯಾಮರಾದ ಅಡಿಯ ಸಂಖ್ಯೆಯೂ ಒಂದೇ ಆಗಿರಬೇಕು. ಬಿಲ್ಲಿಲ್ಲದ ಅಗ್ಗದ ಮಾಲು ಕಳವಿನದಾಗಿರುವ ಸಂಭವವುಂಟು.

ಕೊನೆಯದಾಗಿ ನಮ್ಮ ಸೀಮೆಗೆ ವಿಶೇಷವಾದ ಎರಡು ಶತ್ರುಗಳ ವಿಷಯ. ಒಂದು, ಫೌಂಡ್ರಿಯ ಧೂಳು. ಅದರಲ್ಲಿ ಮರಳೂ ಇದೆ, ಗ್ರೈಂಡರಿನಿಂದ ಹಾರಿದ ಕಬ್ಬಿಣದ ಪುಡಿಯೂ ಇದೆ. ಕನ್ನಡಿಯಿಲ್ಲದ ಕ್ಯಾಮರಾದಲ್ಲಿ ಲೆನ್ಸು ತೆಗೆದೊಡನೆ ಸಂವೇದಕ ಬಯಲಿಗೆ ಬೀಳುತ್ತದೆ. ಇಓಎಸ್ ಆರ್ ಮಾತ್ರ ಸ್ವಿಚ್ಚು ಆರಿಸಿದಾಗ ಷಟರಿನ ಪರದೆ ಇಳಿಸಿಕೊಳ್ಳುತ್ತದೆ. ತೇಲುವ ಸಂವೇದಕವನ್ನು ಆಡಿಸುವುದು ಅಯಸ್ಕಾಂತಗಳು. ಕಬ್ಬಿಣದ ಪುಡಿಗೆ ಅವುಗಳೆಂದರೆ ಬಲು ಪ್ರೀತಿ. ಷೆಡ್ಡಿನೊಳಗೆ ಲೆನ್ಸು ಬದಲಿಸಕೂಡದು. ಎರಡು, ಮಳೆಗಾಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಅದರ ಆಸುಪಾಸಿನ ಜಾಂಬೋಟಿ, ಒಟ್ಟಿನಲ್ಲಿ ಖಾನಾಪುರದ ಪಡುವಣ ಸೆರಗು ಜೂನಿನಿಂದ ಸೆಪ್ಟೆಂಬರಿನವರೆಗೆ ಒದ್ದೆಯಾಗಿಯೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 70ನ್ನು ಮೀರಿ ವಾರಗಟ್ಟಲೆ ನಿಂತರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೇರೂರುತ್ತದೆ. ಅದು ಸ್ರವಿಸುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಹಳೆಯ ಲೆನ್ಸನ್ನು ಕೊಳ್ಳುವಾಗ ಹಿಂದಿನಿಂದ ಟಾರ್ಚು ಬಿಟ್ಟು ನೋಡಿದರೆ ಈ ಬೂಷ್ಟು ಜೇಡನ ಬಲೆಯಂತೆ ಕಾಣುತ್ತದೆ. ಕಂಡರೆ ಕೆಳಗಿಟ್ಟು ಬರಬೇಕು. ಮನೆಯಲ್ಲಿ ಚರ್ಮದ ಚೀಲದಲ್ಲಿ ಇಡುವುದು ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ಲಿನೊಡನೆ ಇಟ್ಟರೆ ಸಾಕು. ನೀಲಿಯ ಜೆಲ್ಲು ತೇವ ಕುಡಿದು ಗುಲಾಬಿಗೆ ತಿರುಗಿದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಕೋಬಾಲ್ಟಿನದು, ವಿಷ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಕೂಡದು.